ಭುಜದ ಮೇಲಿನ ನೀಲಿ ಟೇಪು

ಸರ್ಜನ್ ಹುಡುಗಿಯ ಬಲಭುಜದ ನೀಲಿ ಟೇಪನ್ನು ಮೆಲ್ಲಗೆ ಬಿಡಿಸಿದರು. ಅಡಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಕೆಲವು ಹಳೆಯವು, ಒಂದು ಹಸಿಯದು. ಕೈಗವಸು ಕಳಚಿದವರೇ ಪೊಲೀಸರಿಗೆ ಫೋನ್ ಮಾಡಿದರು.

ಬಂದವಳು ಇನ್‌ಸ್ಪೆಕ್ಟರ್. ನೇರ ಮಾತಿನ ಹೆಂಗಸು. ವಾಲಿಬಾಲ್ ಫೈನಲ್‌ನಲ್ಲಿ ಸ್ಮ್ಯಾಶ್ ಹೊಡೆದ ಹುಡುಗಿ ಅಲ್ಲೇ ಕುಸಿದಿದ್ದಳಂತೆ. ಕೈ ಎತ್ತುವ ಸ್ನಾಯುರಜ್ಜು ಪೂರ್ತಿ ಹರಿದಿತ್ತು.

“ಮೊದ್ಲು ಸ್ವಲ್ಪ ಹರಿದಿತ್ತು ಅಷ್ಟೆ,” ಎಂದರು ಸರ್ಜನ್. “ಆಟ ಬಿಟ್ಟು ವ್ಯಾಯಾಮ ಮಾಡು, ಸರಿಹೋಗುತ್ತೆ ಅಂತ ನಾನೇ ಹೇಳಿ ಕಳಿಸಿದ್ದೆ. ಯಾರೋ ಇಂಜೆಕ್ಷನ್ ಕೊಟ್ಟು ಭುಜ ಮರಗಟ್ಟಿಸಿ ಆಡಿಸಿದ್ದಾರೆ. ನೋವಿದ್ದಿದ್ರೆ ಅವಳೇ ನಿಲ್ಲಿಸ್ತಿದ್ಲು.”

ಇನ್ನು ಸ್ಮ್ಯಾಶ್ ಹಾಗಿರಲಿ, ತಲೆ ಬಾಚಲು ಕೈ ಏಳುತ್ತದೋ ಇಲ್ಲವೋ ಹೇಳಲಾಗದು ಎಂದರು. ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಚುಚ್ಚಿದವರು ಯಾರೆಂದು ಹುಡುಗಿಯನ್ನು ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗಿದಳು.

*

ಕೋಚ್ ಹುಡುಗಿಯ ಸೋದರಮಾವ. ಕ್ರೀಡಾಂಗಣದ ಮೊಗಸಾಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ಸ್ನಾಯುವಿಗೆ ಆಸರೆಯಾಗುವ ಟೇಪು ಅಂಟಿಸುವುದು ತಂಡದ ಫಿಸಿಯೋಥೆರಪಿಸ್ಟ್ ಹೆಂಗಸಿನ ಕೆಲಸ, ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂದ. ಫಿಸಿಯೋ ಕೋಣೆಯ ಕಸದ ಬುಟ್ಟಿಯಲ್ಲಿ ಸಿರಿಂಜೂ ಸಿಕ್ಕಿತು. ಕ್ರೀಡಾ ಸಂಘದವರು ಆಗಲೇ ಅವಳನ್ನು ಕೆಲಸದಿಂದ ತೆಗೆಯುವ ಮಾತಾಡುತ್ತಿದ್ದರು. ಗೂಬೆ ಕೂರಿಸಲು ಒಂದು ತಲೆ ಬೇಕಿತ್ತು, ಸಿಕ್ಕಿತ್ತು. ವಿಚಾರಿಸುವ ತಾಳ್ಮೆ ಯಾರಿಗಿದೆ?

ಫಿಸಿಯೋ ಇನ್ನೊಬ್ಬ ಆಟಗಾರ್ತಿಯ ಭುಜಕ್ಕೆ ಟೇಪು ಹಾಕುತ್ತಿದ್ದಳು. ಗಾಯಗೊಂಡ ಹುಡುಗಿ ಆಡಕೂಡದೆಂದು ತಾನು ಕೋಚ್ ಜೊತೆ ಜಗಳವಾಡಿದ್ದಾಗಿ, ಟೇಪು ಹಾಕಲು ಒಪ್ಪದೆ ಎದ್ದುಹೋದದ್ದಾಗಿ ಹೇಳಿದಳು. ಸಾಕ್ಷಿಗೆ ಯಾರೂ ಇರಲಿಲ್ಲ.

ಅವಳು ಪ್ರತಿ ಪಟ್ಟಿಯ ಮೂಲೆಗಳನ್ನೂ ಕತ್ತರಿಯಿಂದ ದುಂಡಗೆ ಮಾಡಿಯೇ ಅಂಟಿಸುತ್ತಿದ್ದಳು. ಯಾಕೆಂದು ಇನ್‌ಸ್ಪೆಕ್ಟರ್ ಕೇಳಿದಳು.

“ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಎದ್ದುಬಿಡುತ್ತೆ ಮೇಡಂ. ನಾನು ಹಾಗೆ ಬಿಡಲ್ಲ.”

ಸರ್ಜನ್ ಬಿಡಿಸಿದ ಟೇಪು ಹಾಕಿ ಕೊಟ್ಟಿದ್ದ ಕವರನ್ನು ಇನ್‌ಸ್ಪೆಕ್ಟರ್ ಬೆಳಕಿಗೆ ಹಿಡಿದಳು. ನೀಲಿ ಪಟ್ಟಿಗಳ ಮೂಲೆಗಳೆಲ್ಲ ಚೂಪಾಗಿದ್ದವು. ತಂಡದವರೆಲ್ಲರ ಬೆರಳಚ್ಚು ತೆಗೆಸಿ, ಟೇಪಿನ ಜೊತೆ ಪ್ರಯೋಗಾಲಯಕ್ಕೆ ಕಳಿಸಿದಳು.

*

ವರದಿ ಬಂದಾಗ ಕೋಚ್ ಹಣ್ಣು ಹಿಡಿದುಕೊಂಡು ವಾರ್ಡಿನಲ್ಲೇ ಕೂತಿದ್ದ.

“ಟೇಪಿಗೆ ತೂತಿಲ್ಲ,” ಎಂದಳು ಇನ್‌ಸ್ಪೆಕ್ಟರ್. “ಅಂದ್ರೆ ಚುಚ್ಚಿ ಆದ್ಮೇಲೆ, ಗುರುತು ಮುಚ್ಚೋಕೆ ಅಂಟಿಸಿದ್ದು. ಮೂಲೆ ದುಂಡಗಿಲ್ಲ. ಹಾಗಾಗಿ ಫಿಸಿಯೋ ಮೇಲಿನ ಅನುಮಾನ ಹೋಯ್ತು. ಅಂಟಿನ ಮೇಲೆ ಸಿಕ್ಕಿರೋದು ನಿಮ್ಮ ಹೆಬ್ಬೆರಳಿನ ಗುರುತು. ಸಿರಿಂಜ್ ಅವಳ ಬುಟ್ಟಿಗೆ ಹಾಕಿದ್ರಿ, ತಪ್ಪನ್ನೂ ಅವಳ ಮೇಲೆ ಹಾಕಿದ್ರಿ.”

ಕೋಚ್ ಮೊದಲು ರೇಗಾಡಿದ, ಆಮೇಲೆ ಮೆತ್ತಗಾದ. ಕಪ್ ಗೆದ್ದಿದ್ದರೆ ರಾಷ್ಟ್ರೀಯ ತಂಡದ ಕೋಚ್ ಹುದ್ದೆ ಅವನದಾಗುತ್ತಿತ್ತು. ಅದಕ್ಕಾಗಿ ತಂಗಿಯ ಮಗಳ ತೋಳನ್ನೇ ಬಲಿ ಕೊಟ್ಟಿದ್ದ.

“ಅವಳ ಒಳ್ಳೇದಕ್ಕೇ ಮಾಡಿದ್ದು,” ಎಂದ. “ಆಡ್ತೀನಿ ಅಂತ ಅವಳೇ ಹಟ ಹಿಡಿದಿದ್ಲು.”

“ನೋವು ಅವಳದ್ದು,” ಎಂದಳು ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿ. “ಅದನ್ನ ಅವಳಿಂದ ಬಚ್ಚಿಡೋಕೆ ನೀವ್ಯಾರು?”

ಹುಡುಗಿ ಆಗ ಈ ಕಡೆ ತಿರುಗಿದಳು.

“ನೋವಾಗ್ತಿದೆ ಅಂತ ಎಲ್ರಿಗಿಂತ ಮೊದ್ಲು ನಿಮಗೇ ಹೇಳಿದ್ದೆ ಮಾವ. ಶಕ್ತಿ ಬರೋ ಇಂಜೆಕ್ಷನ್ ಅಂದ್ರಿ. ನಂಬಿ ತೋಳು ಕೊಟ್ಟೆ.”