ಮತ್ಸರವಿಲ್ಲದ ಪಾಲು

ಗಾಜಿನ ಮೂರು ಕೋಣೆಗಳಲ್ಲಿ ಮೂವರು ಒಡಹುಟ್ಟಿದವರು ಕುಳಿತಿದ್ದರು. ಮೂವರ ಮುಂಗೈಗೂ ತೆಳುವಾದ ಪಟ್ಟಿ ಕಟ್ಟಲಾಗಿತ್ತು. ಹುಬ್ಬಳ್ಳಿಯ ನಿರ್ಮತ್ಸರ ಕೇಂದ್ರದ ಯಂತ್ರವು ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿತ್ತು.

"ಹಿತ್ತಾಳೆಯ ದೊಡ್ಡ ಕೊಪ್ಪರಿಗೆ ಬೇಕೋ, ರಸ್ತೆಯ ಕಡೆಗಿನ ಕಟ್ಟೆ ಬೇಕೋ?"

"ಕೊಪ್ಪರಿಗಿ," ಎಂದಳು ನೀಲಾಂಬಿಕಾ ನಾಗಾವಿ. ಬಾಯಿ ಹೇಳಿದ್ದನ್ನು ನಾಡಿಯೂ ಒಪ್ಪಿದೆಯೇ ಎಂದು ಮುಂಗೈ ಪಟ್ಟಿ ನೋಡಿಕೊಂಡಿತು. ಒಪ್ಪಿತ್ತು.

ತಂದೆ ಬಿಟ್ಟುಹೋದ ನಾಗಾವಿ ಖಾನಾವಳಿಗಾಗಿ ಈ ಮೂವರು ಹಲವು ವರ್ಷಗಳಿಂದ ಕೋರ್ಟು ಹತ್ತಿದ್ದರು. ಗಿರಾಕಿಗಳೆದುರಿಗೇ ಪರಸ್ಪರ ತಾಟು ಎಸೆದಿದ್ದರು. ಯಂತ್ರ ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟಿತು. ಕಟ್ಟಡ ಹಿರಿಯನಾದ ಫಕೀರೇಶನಿಗೆ. 'ನಾಗಾವಿ ಖಾನಾವಳಿ' ಎಂಬ ಹೆಸರು ಮತ್ತು ಅದನ್ನು ಬಳಸುವ ಹಕ್ಕು ಕಿರಿಯನಾದ ಚನ್ನವೀರನಿಗೆ. ಒಲೆ, ಹಂಚು, ಕೊಪ್ಪರಿಗೆ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ತಂಡ ಸಹಿತ ಇಡೀ ಅಡುಗೆಮನೆ ನಡುವಿನವಳಾದ ನೀಲಾಂಬಿಕೆಗೆ.

ಮೂವರೂ ನಗುತ್ತಲೇ ಹೊರಬಂದರು. ಹೆಸರೆಂದರೆ ಗಾಳಿ, ಅಡುಗೆಮನೆಯೆಂದರೆ ಹೊಗೆ, ಗೋಡೆಯೊಂದೇ ನಿಜವೆಂದು ಫಕೀರೇಶ ಅಂದುಕೊಂಡ. ಹೆಸರಿದ್ದರೆ ಊರೂರಲ್ಲಿ ಅಂಗಡಿ ಹಾಕಬಹುದು, ಇವರಿಬ್ಬರೂ ಇಟ್ಟಿಗೆ ಮತ್ತು ಮಸಿ ಕಟ್ಟಿಕೊಂಡರಲ್ಲ ಎಂದು ಚನ್ನವೀರ ಒಳಗೊಳಗೇ ಹಿಗ್ಗಿದ. ಕೈಯಡುಗೆಯಿಲ್ಲದ ಖಾನಾವಳಿಯ ಹೆಸರನ್ನು ತಮ್ಮ ನೆಕ್ಕಿಕೊಂಡು ಕೂರಲಿ ಎಂದು ನೀಲಾಂಬಿಕೆಗೆ ಅನ್ನಿಸಿತು. ಯಾರೂ ಜಗಳವಾಡಲಿಲ್ಲ. ಕೇಂದ್ರದ ಅಧಿಕಾರಿ ಎಲ್ಲರ ಕೈಕುಲುಕಿದ.

ಈ ಯಂತ್ರದ ಹಿಂದಿನ ಗಣಿತ ಸರಳವಲ್ಲ. ಇಬ್ಬರಿಗೆ ಒಂದು ಹೋಳಿಗೆ ಹಂಚುವುದು ಮಕ್ಕಳಿಗೂ ಗೊತ್ತು: ಒಬ್ಬ ಮುರಿಯಬೇಕು, ಮತ್ತೊಬ್ಬ ಆರಿಸಿಕೊಳ್ಳಬೇಕು. ಆಗ ಯಾರಿಗೂ ಇನ್ನೊಬ್ಬನ ಚೂರಿನ ಮೇಲೆ ಆಸೆಯಾಗುವುದಿಲ್ಲ. ಆದರೆ ಮೂರನೆಯವ ಬಂದು ಕುಳಿತ ಕೂಡಲೇ ಲೆಕ್ಕ ಕೆಡುತ್ತದೆ. ಒಬ್ಬನಿಗೆ ಹೂರಣ ಇಷ್ಟ, ಒಬ್ಬನಿಗೆ ಅಂಚು ಇಷ್ಟ, ಒಬ್ಬನಿಗೆ ತುಪ್ಪ ಬಿದ್ದ ಜಾಗವೇ ಬೇಕು. ಎಷ್ಟೇ ಜನರಿದ್ದರೂ, ಅವರ ರುಚಿ ಎಷ್ಟೇ ಬೇರೆಯಾಗಿದ್ದರೂ, ಯಾರೂ ಯಾರ ಪಾಲನ್ನೂ ಬಯಸದಂಥ ಹಂಚಿಕೆ ಇದೆ ಎಂಬುದು ಗಣಿತಜ್ಞರಿಗೆ ತಿಳಿದಿತ್ತು. ಅದನ್ನು ಹುಡುಕುವುದಕ್ಕೆ ಬೇಕಾದ ಪ್ರಶ್ನೆಗಳು ಮಾತ್ರ ಯಾವ ಯಂತ್ರವೂ ಕೇಳಿ ಮುಗಿಸಲಾರದಷ್ಟು ಎಂದೇ ಎಲ್ಲರೂ ನಂಬಿದ್ದರು. ಧಾರವಾಡದ ಗಣಿತ ಸಂಶೋಧನಾಲಯದ ಡಾ. ವಾರುಣಿ ಗಲಗಲಿ ಆ ಪ್ರಶ್ನೆಗಳನ್ನು ಬೆರಳೆಣಿಕೆಗೆ ಇಳಿಸುವ ಪ್ರಮೇಯವನ್ನು ಸಾಧಿಸಿದಳು.

ಪ್ರಮೇಯವನ್ನು ಯಂತ್ರವಾಗಿಸಿದವಳು ಆಕೆಯ ಸಹೋದ್ಯೋಗಿ, ಅನ್ವಯಿಕ ಗಣಿತದ ಮುಮ್ತಾಜ್ ಸವಣೂರ. ಒಂದೇ ಕೋಣೆಯಲ್ಲಿ, ಒಂದೇ ಹಲಗೆಯ ಮುಂದೆ ಬಹುಕಾಲ ದುಡಿದ ಇವರಿಬ್ಬರು ಒಂದೊಂದು ಸಾಲಿಗೂ ಕೂಗಾಡುತ್ತಿದ್ದರು. ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಂತ್ರ ಸಿದ್ಧವಾದಾಗ ಕೀರ್ತಿ ಯಾರದು ಎಂಬ ಜಗಳ ಹುಟ್ಟಿತು. ಯಂತ್ರದ ಮೊದಲ ತೀರ್ಪು ಅದರ ಒಡತಿಯರ ಮೇಲೆಯೇ ಆಯಿತು. ಪ್ರಮೇಯ ವಾರುಣಿಗೆ, ಯಂತ್ರ ಮತ್ತು ಕಂಪನಿ ಮುಮ್ತಾಜಳಿಗೆ. ಇಬ್ಬರೂ ತೃಪ್ತರಾಗಿ ಬೇರೆಯಾದರು. ಮುಮ್ತಾಜಳ ಮಾತು ಬಂದಾಗಲೆಲ್ಲ ವಾರುಣಿ, "ಅಕಿ ಹತ್ತಿರ ಇರೋದು ತಗಡಿನ ಡಬ್ಬಿ," ಎನ್ನುತ್ತಿದ್ದಳು.

ಯಂತ್ರ ನಾಡಿನ ತುಂಬ ಹರಡಿತು. ಪಾಲಿನ ದಾವೆ ಹೂಡುವ ಮೊದಲು ಅದರ ಮುಂದೆ ಕುಳಿತೇಳಬೇಕೆಂದು ಕಾನೂನಾಯಿತು. ವಕೀಲರು ಬೇರೆ ಕಸುಬು ಹುಡುಕಿಕೊಂಡರು. ಸನ್ಮಾನ ಸಭೆಗಳಲ್ಲಿ ವಾರುಣಿ ಬೇಸರದ ಮುಖ ಮಾಡಿಕೊಂಡು ಶಾಲು ಹೊದೆಯುತ್ತಿದ್ದಳು. ತನ್ನ ಪ್ರಮೇಯದಂಥ ನಿರ್ಮಲ ವಸ್ತು ಕೊನೆಗೆ ಹಂಚು, ಬೋಗುಣಿಗಳ ಜಗಳ ಬಿಡಿಸಲು ಬಳಕೆಯಾಗುತ್ತಿದೆಯಲ್ಲ ಎಂಬ ಹೇಸಿಗೆ ಆಕೆಗಿತ್ತು. ಈ ಜನ ಅದಕ್ಕೆ ಯೋಗ್ಯರಲ್ಲ ಎಂದು ಆಕೆ ಖಚಿತವಾಗಿ ನಂಬಿದ್ದಳು.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ನೀಲಾಂಬಿಕಾ ಆಕೆಯ ಕೋಣೆಗೆ ಬಂದಳು. ನಿರ್ಮತ್ಸರ ಕೇಂದ್ರದಲ್ಲಿ ಆಕೆಯ ದೂರನ್ನು ಯಾರೂ ಕೇಳಿರಲಿಲ್ಲ. 'ಯಂತ್ರದಾಗ ನಿಮ್ಮ ತೃಪ್ತಿಯ ಮುಳ್ಳು ತುದಿಗೆ ಐತಿ, ದೂರು ಎಲ್ಲಿಂದ ಬಂತು?' ಎಂದು ಸಾಗಹಾಕಿದ್ದರು.

"ಯಂತ್ರ ತಪ್ಪು ಮಾಡೇದೇನು?" ವಾರುಣಿ ಹಲಗೆಯಿಂದ ಮುಖ ತಿರುಗಿಸದೆ ಕೇಳಿದಳು.

"ಇಲ್ರಿ. ಮೂರೂ ಮಂದಿಯೊಳಗ ನನ್ನ ಪಾಲೇ ಛಲೋ ಐತಿ."

"ಮತ್ತ ಬಂದದ್ದ್ಯಾಕ?"

"ನಮ್ಮ ತಮ್ಮ ಚನ್ನವೀರ ದವಾಖಾನಿಯೊಳಗ ಅದಾನ್ರಿ. ಎದಿ ಆಪರೇಷನ್ ಆಗೇತಿ."

"ನಾ ಡಾಕ್ಟರ್ ಖರೆ. ಆ ಡಾಕ್ಟರ್ ಅಲ್ಲ."

"ಅಷ್ಟು ಗೊತ್ತೈತ್ರಿ ನನಗ," ಎಂದಳು ನೀಲಾಂಬಿಕಾ. ಕುಳಿತುಕೊಳ್ಳಲು ಯಾರೂ ಹೇಳದಿದ್ದರೂ ಕುಳಿತಳು. "ನೋಡಾಕ ಹೋಗಿದ್ದೆ. ಮೈತುಂಬ ನಳಿಗಿ ಹಾಕ್ಕೊಂಡು ಮಲಗಿದ್ದ. ನನಗ ಅಳು ಬರಬೇಕಿತ್ತು. ಬರ್ಲಿಲ್ಲ. 'ಬರೇ ಹೆಸರು ಇಟ್ಕೊಂಡು ಕುಂತ್ಯಲ್ಲೋ ಹುಚ್ಚಾ, ಎದಿ ಒಡೀದ ಏನಾದೀತು' ಅನಿಸ್ತು. ಒಳಗ ನಗು ಬಂತ್ರಿ. ನನಗ ನನ್ನದ ಹೆದರಿಕಿ ಆತು. ಅಷ್ಟರಾಗ ಅಂವಾ ಕಣ್ಣು ತೆರದು ನನ್ನ ನೋಡಿದ. ಅವನ ಮಾರಿ ಮ್ಯಾಲೂ ಅದ ನಗು."

"ದೊಡ್ಡಣ್ಣ?"

"ಬಂದೇ ಇಲ್ರಿ. 'ಬಡಪಾಯಿ' ಅಂದನಂತ. ಅಷ್ಟ."

ವಾರುಣಿ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟಳು. "ಮೊದಲೇನು ಪ್ರೀತಿ ಉಕ್ಕಿ ಹರೀತಿತ್ತೇನು ನಿಮ್ಮ ಮನಿಯೊಳಗ? ಗಿರಾಕಿ ಮುಂದ ತಾಟಿಲೆ ಹೊಡದಾಡಿದವರು ನೀವು, ಊರಿಗೆಲ್ಲ ಗೊತ್ತದ."

"ಹೊಡದಾಡೀವ್ರಿ. ನಾ ಹೊಸಾ ಹಂಚು ತಂದ್ರ ಸಂಜಿಯೊಳಗ ಇಬ್ಬರೂ ಬಂದು ಅದನ್ನ ಬಡದು ನೋಡ್ತಿದ್ರು. ನನ್ನ ಮಣಕಾಲು ನೋವು ಎಡಗಾಲಿಂದೋ ಬಲಗಾಲಿಂದೋ ಅದೂ ಗೊತ್ತಿತ್ತು ಅವರಿಗೆ. ಇಕಿ ಕುಂಟಿದ್ರ ಅಡಿಗಿಮನಿ ನಮಗ ಬಿಡ್ತಾಳ ಅಂತ ಆಸೆ. ಈಗ ನನ್ನ ಹತ್ರ ಅವರಿಗೆ ಬೇಕಾದ್ದು ಏನೂ ಇಲ್ಲ. ಬಾಗಿಲ ಮುಂದ ಹಾದು ಹೋದ್ರೂ ಒಳಗ ಹಣಿಕಿ ಹಾಕೂದಿಲ್ಲ."

"ಅಂದ್ರ ನಿಮ್ಮ ಅಣ್ಣ-ತಮ್ಮಗ ನಿಮ್ಮ ಮ್ಯಾಲೆ ಮತ್ತ ಹೊಟ್ಟೆಕಿಚ್ಚು ಬರಬೇಕೇನು?"

"ಸ್ವಲ್ಪರೆ ಬರ್ಲಿ ಅಂತೀನ್ರಿ."

ವಾರುಣಿ ಗಟ್ಟಿಯಾಗಿ ನಕ್ಕುಬಿಟ್ಟಳು. ಜನರ ಬುದ್ಧಿಯ ಬಗ್ಗೆ ತನಗಿದ್ದ ಅಭಿಪ್ರಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. "ಮರುಹಂಚಿಕಿ ಆಗಬೇಕಂದ್ರ ಮೂರೂ ಮಂದಿ ಒಪ್ಪಬೇಕು. ಕೇಳಿ ನೋಡ್ರಿ."

"ಕೇಳಿದ್ರ ನಗ್ತಾರ. ಪಾಪ, ಇಕಿಗೆ ತನ್ನ ಪಾಲು ಸಾಲವಲ್ತು ಅಂತಾರ."

"ಹಂಗಾದ್ರ ಗಣಿತದೊಳಗ ಇದಕ್ಕ ಉಪಾಯ ಇಲ್ಲ."

ನೀಲಾಂಬಿಕಾ ಸ್ವಲ್ಪ ಹೊತ್ತು ಹಲಗೆಯ ಮೇಲಿನ ಚಿಹ್ನೆಗಳನ್ನು ನೋಡಿದಳು. ಆಕೆಯ ಮುಖದಲ್ಲಿ ಗೌರವವೇನೂ ಕಾಣಲಿಲ್ಲ. "ಇಷ್ಟೆಲ್ಲ ಬರದೂ ಉಪಾಯ ಇಲ್ಲೇನ್ರಿ?" ಎಂದು ಎದ್ದು ಹೋದಳು.

ಆ ಮಾತು ವಾರುಣಿಯನ್ನು ಕುಟುಕಿತು. ಸಿಟ್ಟಿನಲ್ಲೇ ಹಲಗೆ ಒರೆಸಿ ತನ್ನ ಪ್ರಮೇಯದ ಕೊನೆಯ ಸಾಲನ್ನು ಹೊಸದಾಗಿ ಬರೆದಳು: ಯಾರಿಗೂ ಇನ್ನೊಬ್ಬರ ಪಾಲು ತನ್ನದಕ್ಕಿಂತ ಹೆಚ್ಚೆನಿಸದು. ಅದನ್ನೇ ತಿರುಗಿಸಿ ಓದಿದಳು. ಪ್ರತಿಯೊಬ್ಬರಿಗೂ ಉಳಿದೆಲ್ಲರ ಪಾಲು ತನ್ನದಕ್ಕಿಂತ ಹೆಚ್ಚಲ್ಲ. ರುಚಿಗಳು ಬೇರೆಯಾದಷ್ಟೂ 'ಹೆಚ್ಚಲ್ಲ' ಎಂಬುದು 'ಬಹಳ ಕಡಿಮೆ' ಎಂದಾಗುತ್ತದೆ. ಅಷ್ಟೇ ಅಲ್ಲ, ಈ ಅಂತರ ದೊಡ್ಡದಾದಷ್ಟೂ ಮುಂದೆ ತಕರಾರು ಹುಟ್ಟುವ ಸಂಭವ ಕಡಿಮೆಯೆಂದು, ಅದನ್ನು ಆದಷ್ಟೂ ಹಿಗ್ಗಿಸುವಂತೆ ಯಂತ್ರವನ್ನು ರೂಪಿಸಲು ಹೇಳಿದವಳು ತಾನೇ. ಅಂದರೆ ಯಂತ್ರವು ಮನೆಮನೆಯ ಮತ್ಸರವನ್ನು ಕಳೆದು, ಅದರ ಜಾಗದಲ್ಲಿ ಆದಷ್ಟೂ ಹೆಚ್ಚು ತಾತ್ಸಾರವನ್ನು ತುಂಬುತ್ತಿತ್ತು. ಇದೊಂದು ಉಪಪ್ರಮೇಯ. ಸಾಧನೆ ಎರಡೇ ಸಾಲು. ಜಗತ್ತಿನ ಒಬ್ಬ ಗಣಿತಜ್ಞನೂ ಬರೆದಿರಲಿಲ್ಲ, ಬರೆಯಲು ಯೋಗ್ಯವೆಂದು ಯಾರಿಗೂ ಅನ್ನಿಸಿರಲಿಲ್ಲ.

ಮರುದಿನ ಆಕೆ ಮುಮ್ತಾಜಳ ಕಚೇರಿಗೆ ಹೋದಳು. ಬೇರೆಯಾದ ಮೇಲೆ ಅದೇ ಮೊದಲ ಭೇಟಿ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡಿದ್ದಳು.

"ಬಾ ವಾರುಣಿ. ಚಹಾ ತಗೋತಿ?" ಮುಮ್ತಾಜ್ ನಗುತ್ತಲೇ ಎದ್ದಳು. "ಇನ್ನೂ ಹಲಗಿ ಮ್ಯಾಲೆ ಬರೀತಿ? ಅಂಗಿ ತೋಳಿಗೆಲ್ಲ ಸುಣ್ಣ ಹತ್ತೇತಿ."

ವಾರುಣಿ ಉಪಪ್ರಮೇಯವನ್ನು ವಿವರಿಸಿದಳು. ಮುಮ್ತಾಜ್ ಚಹಾ ಕುಡಿಯುತ್ತ ಕೇಳಿದಳು. ಹಿಂದೆಲ್ಲ ಆಕೆ ಮೂರನೆಯ ಮಾತಿಗೇ ಸುಣ್ಣದ ಕಡ್ಡಿ ಕಸಿದುಕೊಳ್ಳುತ್ತಿದ್ದಳು.

"ಸರಿ ಐತಿ. ಆದ್ರ ಒಂದೂ ದೂರು ಬಂದಿಲ್ಲ ನಮಗ," ಎಂದಳು ಕೊನೆಗೆ. "ಎರಡನೇ ಸಲ ಬಂದವರು ಒಬ್ಬರೂ ಇಲ್ಲ."

"ತಾತ್ಸಾರ ಇದ್ದವರು ದೂರು ಕೊಡೂದಿಲ್ಲ, ಮುಮ್ತಾಜ್."

"ಮತ್ತ ಛಲೋನ ಆತಲ್ಲ."

"ಇದು ತಪ್ಪು ಅಂತ ಅನಸೂದಿಲ್ಲೇನು ನಿನಗ?"

"ತಪ್ಪಿದ್ರ ಪ್ರಮೇಯದೊಳಗ ಇರಬೇಕು. ಅದು ನಿನ್ನ ಪಾಲು," ಎಂದು ಮುಮ್ತಾಜ್ ಮೃದುವಾಗಿ ಹೇಳಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳನ್ನು ಸಮಾಧಾನಪಡಿಸುವ ಕರುಣೆಯಿತ್ತು. ಆ ಕರುಣೆಯ ಗುರುತು ವಾರುಣಿಗೆ ಸಿಕ್ಕಿತು. ಏಕೆಂದರೆ ಅದೇ ಕ್ಷಣದಲ್ಲಿ, ಆ ವಿಶಾಲವಾದ ಕಚೇರಿ, ಗೋಡೆಯ ಮೇಲಿನ ಪ್ರಶಸ್ತಿಗಳು, ಹೊಳೆಯುವ ಯಂತ್ರಗಳ ಸಾಲನ್ನು ನೋಡುತ್ತ, ಇಷ್ಟು ಬುದ್ಧಿವಂತೆ ತಗಡು ಮಾರಿಕೊಂಡು ಕುಳಿತಳಲ್ಲ ಎಂದು ತಾನೂ ಮರುಗುತ್ತಿದ್ದಳು. ಕೂಗಾಡಬೇಕೆಂದು ಬಂದವಳಿಗೆ ಕೂಗಲು ಏನೂ ಸಿಗಲಿಲ್ಲ. ಇಬ್ಬರೂ ಸೌಜನ್ಯದಿಂದ ಬೀಳ್ಕೊಂಡರು.

ಇತ್ತ ನೀಲಾಂಬಿಕಾ ಇನ್ನೊಂದು ಸಲ ದವಾಖಾನೆಗೆ ಹೋಗಿದ್ದಳು. ತಮ್ಮನ ಮೇಲೆ ಆಕೆಗೆ ಅಂದೂ ಮಮತೆಯೇನೂ ಹುಟ್ಟಲಿಲ್ಲ. ಆದರೆ ಅವನ ಮುಂದಿಟ್ಟಿದ್ದ ನೀರು ಗಂಜಿಯನ್ನು ಕಂಡಾಗ ಮೈಯೆಲ್ಲ ಉರಿಯಿತು. ಅನ್ನಕ್ಕೆ ಇಂಥ ಅವಮಾನ ಮಾಡುವವರೂ ಇದ್ದಾರೆಯೇ ಎಂದು ದವಾಖಾನೆಯ ಅಡುಗೆಯವನನ್ನು ಮನಸಾರೆ ಬೈದುಕೊಂಡಳು. ಮಾರನೆಯ ದಿನ ಡಬ್ಬಿ ಕಟ್ಟಿಕೊಂಡು ಬಂದಳು. ಮೆತ್ತನೆಯ ಬಿಸಿ ರೊಟ್ಟಿ, ಉಪ್ಪು ಕಡಿಮೆ ಮಾಡಿದ ಹೆಸರುಕಾಳು ಪಲ್ಯ, ಮಜ್ಜಿಗೆ.

"ಪಾಪ, ಇಷ್ಟ ಅಲ್ಲೇನು ನಿನ್ನ ಹತ್ರ ಇರೂದು," ಎನ್ನುತ್ತ ಚನ್ನವೀರ ಉಪಕಾರ ಮಾಡುವವನಂತೆ ಉಂಡ. ಡಬ್ಬಿಯನ್ನು ಬೆರಳಿನಿಂದ ಬಳಿದು ನೆಕ್ಕಿದ.

"ತಿನ್ನು ತಿನ್ನು. ನಿನ್ನ ಹೆಸರು ಹಚ್ಕೊಂಡು ತಿನ್ನಾಕ ಬರೂದಿಲ್ಲಲ್ಲ," ಎಂದಳು ನೀಲಾಂಬಿಕಾ.

ಅವನು ಮನೆಗೆ ಬಂದ ಮೇಲೂ ಡಬ್ಬಿ ನಿಲ್ಲಲಿಲ್ಲ. ಒಂದು ದಿನ ತಡವಾದರೆ ಫೋನ್ ಮಾಡಿ ಬೈಯುತ್ತಿದ್ದ. ಪಲ್ಯ ಒಂದೇ ಬಂದರೆ ಮುನಿಸಿಕೊಳ್ಳುತ್ತಿದ್ದ. ಈ ಸುದ್ದಿ ಚಹಾದಂಗಡಿಯ ಮೂಲಕ ಫಕೀರೇಶನಿಗೆ ತಲುಪಿತು. ಮೊದಲು ಆತ ನಕ್ಕ. ಆಮೇಲೆ, ಅದೇಕೋ, ಆ ದಿನ ಊಟ ರುಚಿಸಲಿಲ್ಲ. ತೀರ್ಪಿನಲ್ಲಿ ಗೋಡೆ, ಹೆಸರು, ಕೊಪ್ಪರಿಗೆ ಎಲ್ಲವೂ ಹಂಚಿಕೆಯಾಗಿದ್ದವು. ತಂಗಿ ಬಿಸಿಲಲ್ಲಿ ನಡೆದು ತಮ್ಮನಿಗೆ ಬುತ್ತಿ ಒಯ್ಯುವುದು ಯಾರ ಪಾಲಿಗೂ ಬಂದಿರಲಿಲ್ಲ. ಅದರ ಬಗ್ಗೆ ಯಂತ್ರ ಪ್ರಶ್ನೆಯನ್ನೇ ಕೇಳಿರಲಿಲ್ಲ.

ವಾರುಣಿ ಸಂಶೋಧನಾಲಯದಲ್ಲಿ ಒಬ್ಬಳೇ ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು.

"ಮೇಡಂ, ನಾನ್ರಿ, ನೀಲಾಂಬಿಕಾ. ಕೇಳಸಾಕತ್ತೈತೇನ್ರಿ? ಕೇಳ್ರಿ, ಕೇಳ್ರಿ!"

ಹಿಂದಿನಿಂದ ಗಂಡಸಿನ ಅಬ್ಬರ ಕೇಳಿಸಿತು. "ಅವಗ ದಿನಾ ಎರಡೆರಡು ಪಲ್ಯ, ನಾ ಏನು ಬ್ಯಾರೆ ಮನಿಯೊಳಗ ಹುಟ್ಟಿದವನೇನು? ಹಿರೇಮಗ ನಾ! ನನಗೊಂದು ರೊಟ್ಟಿ ಕೊಡಬೇಕನಸಲಿಲ್ಲಲ್ಲ ನಿನಗ?"

"ನಿನಗ ಗ್ವಾಡಿ ಐತಲ್ಲ, ಗ್ವಾಡಿ ತಿನ್ನು ಹೋಗು!" ನೀಲಾಂಬಿಕಾ ಫೋನಿನಾಚೆಗೆ ಕೂಗಿದಳು. ಆಕೆಯ ದನಿ ಸಂತೋಷದಿಂದ ನಡುಗುತ್ತಿತ್ತು.

ಫೋನನ್ನು ಎಲ್ಲೋ ಇಟ್ಟು ಮರೆತಂತಿತ್ತು. ತಾಟು ಬಿದ್ದ ಸದ್ದು, ಅಂಗೈಯಲ್ಲಿ ರೊಟ್ಟಿ ಬಡಿಯುವ ಸದ್ದು. ಚನ್ನವೀರನೂ ಅಲ್ಲೇ ಇದ್ದನೆಂದು ತೋರುತ್ತದೆ, ಯಾರೋ ತೆಳ್ಳಗಿನ ದನಿಯಲ್ಲಿ ತನ್ನ ಪಾಲಿನ ಪಲ್ಯಕ್ಕೆ ಕೈಹಾಕಬೇಡ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಫಕೀರೇಶನ ಬೈಗುಳಗಳು ಬಾಯ್ತುಂಬ ತುತ್ತಿನ ನಡುವಿನಿಂದ ಬರತೊಡಗಿದವು. "ಬೆಲ್ಲ ಹಚ್ಕೋಬ್ಯಾಡ, ಸಕ್ಕರಿ ಬ್ಯಾನಿ ಐತಿ ನಿನಗ," ಎಂದು ನೀಲಾಂಬಿಕಾ ಗದರಿದಳು.

ವಾರುಣಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಎದುರಿಗಿದ್ದ ಊಟ ಆರುತ್ತಿತ್ತು. ಆ ಅಡುಗೆಮನೆಯಲ್ಲಿರುವ ಯಾವುದೋ ಒಂದು ತನಗೂ ಬೇಕೆಂದು, ಅದು ಅವರಿಗೆ ಸಿಕ್ಕಿ ತನಗೆ ಸಿಗಲಿಲ್ಲವಲ್ಲ ಎಂದು ಎದೆಯೊಳಗೆ ಸಣ್ಣಗೆ ಉರಿಯತೊಡಗಿತು. ಆ ಉರಿಯ ಹೆಸರು ಆಕೆಗೆ ಚೆನ್ನಾಗಿ ಗೊತ್ತಿತ್ತು.