ಒಡಲಗನ್ನಡಿ ಬಾಯಿ ಬಿಡಲಿಲ್ಲ

ನಡುಪಟ್ಟಿಯಂತೆ ಹೊಟ್ಟೆಗೆ ಸುತ್ತಿದ್ದ ಒಡಲಗನ್ನಡಿ ಸಣ್ಣಗೆ ಗುಂಯ್‌ಗುಟ್ಟಿತು. ಅರ್ಧ ನಿಮಿಷದಲ್ಲಿ ಚೀಟಿ ಹೊರಬಂತು: ‘ತೊಂದರೆ ಇಲ್ಲ.’ ಇಪ್ಪತ್ತರ ನೀಲವ್ವನಿಗೆ ಎರಡು ವರ್ಷದಲ್ಲಿ ಇದು ಮೂರನೆಯ ಚೀಟಿ. ಆದರೂ ಅವಳು ಹೊಟ್ಟೆ ಹಿಡಿದುಕೊಂಡೇ ಕೂತಿದ್ದಳು.

ಬೆಟಗೇರಿಯ ಆ ತಪಾಸಣಾ ಕೇಂದ್ರಕ್ಕೆ ಅಂದು ಈ ಯಂತ್ರವನ್ನು ರೂಪಿಸಿದ ಡಾ. ಕಸ್ತೂರಿ ಹೂಗಾರರೇ ಬಂದಿದ್ದರು. ರೋಗಿಯನ್ನು ಕೈಯಿಂದ ಮುಟ್ಟಿ ನೋಡುವ ವೈದ್ಯರು ಆ ಕಾಲಕ್ಕೆ ಮ್ಯೂಸಿಯಮ್ಮಿನಲ್ಲಿಡುವಷ್ಟೂ ಉಳಿದಿರಲಿಲ್ಲ. ಕಸ್ತೂರಿ ಏಕೋ ಏನೋ, ಹುಡುಗಿಯ ಹೊಟ್ಟೆಯನ್ನು ಒತ್ತಿ ನೋಡಿದರು. ಎಡ ಪಕ್ಕೆಲುಬಿನ ಕೆಳಗೆ ಮೋಸಂಬಿ ಗಾತ್ರದ ಗಡ್ಡೆ ಬೆರಳಿಗೆ ಸಿಕ್ಕಿತು. ಅವರು ಯಂತ್ರದೊಳಗಿನ ಚಿತ್ರ ತೆರೆದು ನೋಡಿದರು: ಗಡ್ಡೆ ಮೇದೋಜೀರಕ ಗ್ರಂಥಿಯದು, ಯಂತ್ರಕ್ಕೂ ಅದರ ಅನುಮಾನ ಬಂದಿತ್ತು.

ತಪ್ಪು ಯಂತ್ರದ್ದಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಡಲಗನ್ನಡಿ ಶಬ್ದದ ಅಲೆಗಳಿಂದ ಒಳಗಿನ ಚಿತ್ರ ಬಿಡಿಸಿ, ಲಕ್ಷಾಂತರ ಹಳೆಯ ರೋಗಿಗಳ ಚಿತ್ರಗಳೊಂದಿಗೆ ಹೋಲಿಸುತ್ತದೆ. ನೂರಕ್ಕೆ ಮೂವತ್ತರಷ್ಟು ಅನುಮಾನ ಬಂದರೂ ಸಾಕು, ಎಚ್ಚರಿಸುತ್ತದೆ. ಮೊದಲ ವರ್ಷ ಇಂಥ ಕೆಲವು ಎಚ್ಚರಿಕೆಗಳು ಸುಳ್ಳಾಗಿ, ಅಷ್ಟರಲ್ಲಿ ನಿಶ್ಚಿತಾರ್ಥಗಳು ಮುರಿದು, ತಾಯಂದಿರು ಬಂದು ಕಣ್ಣೀರು ಹಾಕಿದ್ದರು. ಕಸ್ತೂರಿಯ ಮನಸ್ಸು ಕರಗಿತು. ಎಷ್ಟು ಅನುಮಾನದವರೆಗೆ ಯಂತ್ರ ಸುಮ್ಮನಿರಬೇಕೆಂಬ ಆ ‘ಮೌನಮಿತಿ’ಯನ್ನು ಮದುವೆಯಾಗದ ಹುಡುಗಿಯರಿಗೆ ಮಾತ್ರ ತೊಂಬತ್ತಕ್ಕೆ ಏರಿಸಿದರು. ಮೇದೋಜೀರಕ ಗ್ರಂಥಿಯ ಈ ಗಡ್ಡೆ ಬರುವುದೇ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ, ಅದೂ ಅಪರೂಪಕ್ಕೆ. ಹೋಲಿಸಲು ಇಂಥ ಹಳೆಯ ಚಿತ್ರಗಳು ಬೆರಳೆಣಿಕೆಯಷ್ಟೇ ಇರುವಾಗ ಅನುಮಾನ ತೊಂಬತ್ತು ಮುಟ್ಟುವುದಾದರೂ ಹೇಗೆ?

“ಯಂತ್ರಕ್ಕ ಕಾಣಲಿಲ್ಲೇನ್ರಿ, ಡಾಕ್ಟರಬಾಯಾರ?” ನೀಲವ್ವನ ತಾಯಿ ಶಾಂತವ್ವ ಕೇಳಿದಳು.

“ಕಂಡಿತ್ತವ್ವಾ. ಹೇಳಬ್ಯಾಡ ಅಂತ ನಾನ ಅದರ ಬಾಯಿ ಕಟ್ಟಿದ್ದೆ.”

ಶಾಂತವ್ವ ಬೈಯಲಿಲ್ಲ. ಬೈದಿದ್ದರೆ ಕಸ್ತೂರಿಗೆ ಎಷ್ಟೋ ಹಗುರಾಗುತ್ತಿತ್ತು. “ಉಳೀತಾಳೇನ್ರಿ?” ಎಂದಳು, ಅಷ್ಟೆ.

“ಉಳೀತಾಳ. ಈ ಗಡ್ಡಿ ಮೆಲ್ಲಕ ಬೆಳೀತೈತಿ, ಪೂರ್ತಿ ತೆಗೆದರ ಬಹಳ ಮಂದಿಗೆ ಮತ್ತ ಬರಂಗಿಲ್ಲ. ಆದ್ರ ಮೊದಲ ಗೊತ್ತಾಗಿದ್ರ ಚೂರ ತೆಗೆದು ಬಿಡಬಹುದಿತ್ತು. ಈಗ ಅರ್ಧ ಗ್ರಂಥಿ ಹೋಗತೈತಿ. ಮುಂದ ಸಕ್ಕರಿ ಕಾಯಿಲೆ ಬಂದರೂ ಬರಬಹುದು.”

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಕಸ್ತೂರಿ ಮೌನಮಿತಿಯನ್ನು ಮೂವತ್ತಕ್ಕೆ ಇಳಿಸಿ, ಮದುವೆಯಾಗದ ಹುಡುಗಿಯರ ಹಳೆಯ ಚಿತ್ರಗಳನ್ನೆಲ್ಲ ಯಂತ್ರಕ್ಕೆ ಮತ್ತೆ ಓದಿಸಿದರು. ಗಡ್ಡೆಯ ಅನುಮಾನವಿದ್ದ ಹನ್ನೊಂದು ಹುಡುಗಿಯರ ಹೆಸರು ಬಂದವು. ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪದೆ ತಾವೇ ಮನೆಮನೆಗೆ ಹೊರಟರು.

ಮೊದಲ ಮನೆಯ ಅಂಗಳದಲ್ಲಿ ಮದುವೆಗೆಂದು ಹೊಸೆದ ಶಾವಿಗೆ ಒಣಗುತ್ತಿತ್ತು. ಹುಡುಗಿಯ ತಂದೆ ಅವರ ಮಾತು ಮುಗಿಯುವ ಮೊದಲೇ ಒಳಗಿನಿಂದ ಮಗಳ ಜಾತಕ ತಂದ. ಒಡಲಗನ್ನಡಿಯ ಚೀಟಿಯನ್ನು ಮೂಲೆಗೆ ಅರಿಸಿನ ಹಚ್ಚಿ ಅದಕ್ಕೆ ಅಂಟಿಸಿದ್ದರು.

“ಬೀಗರು ಇದನ್ನ ನೋಡೇ ಒಪ್ಪ್ಯಾರ್ರಿ. ಈಗ ಎಲ್ಲಾ ಮನ್ಯಾಗೂ ಜಾತಕದ ಜೋಡಿ ಇದನ್ನ ಕೇಳ್ತಾರ. ಯಂತ್ರ ಸುಳ್ಳ ಹೇಳತೈತೇನು?”

ತಮ್ಮ ಯಂತ್ರದ ಚೀಟಿ ಜಾತಕದ ಜೋಡಿಯಾಗುವುದನ್ನು ಕಸ್ತೂರಿ ಕನಸಿನಲ್ಲೂ ಎಣಿಸಿರಲಿಲ್ಲ.

“ಯಂತ್ರ ಅಲ್ರಿ. ಸುಳ್ಳ ಹೇಳಿದಾಕಿ ನಾನು. ನಿಮ್ಮ ಮಗಳ ಹೊಟ್ಟ್ಯಾಗ ಗಡ್ಡಿ ಇರಬಹುದು ಅಂತ ಅದಕ್ಕ ಅವತ್ತ ಅನುಮಾನ ಬಂದಿತ್ತು.”

ತಂದೆ ಬಾಗಿಲು ತೋರಿಸಿದ. ಅಷ್ಟರಲ್ಲಿ ಮದುಮಗಳು ಕೋಣೆಯಿಂದ ಹೊರಬಂದು ಕಸ್ತೂರಿಯ ಎದುರು ನಿಂತಳು. ಅವಳ ಕಣ್ಣಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಬೇರೇನೋ ಇತ್ತು.

“ಹಂಗಾರ ನನ್ನ ಹೊಟ್ಟಿ ನೋವು ಖರೇನ ಇತ್ತೇನ್ರಿ?” ಎಂದಳು. “ಚೀಟಿ ಬಂದ ಮ್ಯಾಲೆ ಎಲ್ಲಾರೂ ನಾಟಕ ಮಾಡ್ತಿ ಅಂದ್ರು. ಕಡೀಕ ನಾನೂ ಹಂಗ ಅಂದ್ಕೊಂಡಿದ್ದೆ.”