ಖಲೀಫನ ತೇಪೆ ಅಂಗಿ

ಮರಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಫಿರೋಜಾನ್ ಎಂಬ ರಾಜ್ಯವನ್ನು ನುಮಾನ್ ಎಂಬ ಖಲೀಫ ಆಳುತ್ತಿದ್ದ. ಅವನಿಗಿದ್ದದ್ದು ಒಂದೇ ನಿಲುವಂಗಿ. ಅವನು ಕಾಪಾಡಿದ ಒಂದೊಂದು ಊರಿನವರೂ ಒಂದೊಂದು ಚೂರು ಬಟ್ಟೆ ಕೊಡುತ್ತಿದ್ದರು. ಅವನು ಮಸೀದಿಯ ಮೆಟ್ಟಿಲ ಮೇಲೆ ಕೂತು ಅದನ್ನು ಅಂಗಿಗೆ ತೇಪೆ ಹಾಕಿಕೊಳ್ಳುತ್ತಿದ್ದ. ತೇಪೆ ಬಿದ್ದ ಊರಿಗೆ ಯಾವ ಮಾಟವೂ ತಾಗುತ್ತಿರಲಿಲ್ಲ. ತೇಪೆ ಹೆಚ್ಚಿದ ಹಾಗೆ ರಾಜ್ಯವೂ ಬೆಳೆದು ಸಮುದ್ರ ಮುಟ್ಟಿತು.

ಆಮೇಲೆ ಬಂದ ಮಕ್ಕಳು ಮೊಮ್ಮಕ್ಕಳಿಗೆ ಆ ಅಂಗಿ ಹಾಕಿಕೊಳ್ಳಲು ನಾಚಿಕೆ. "ಹುಜೂರ್, ಇದು ತಮಗೆ ಒಪ್ಪುವುದಿಲ್ಲ" ಎಂದು ಅರಮನೆಯ ಉಡುಪಿನ ಮೇಲ್ವಿಚಾರಕ ಜರ್ದಕ್ ಬೆಣ್ಣೆ ಹಚ್ಚುತ್ತಿದ್ದ. ಅವರು ಒಂದೊಂದೇ ತೇಪೆ ಕಿತ್ತು ರೇಷ್ಮೆ ಹಾಕಿಸಿದರು. ಕಿತ್ತದ್ದು ಜರ್ದಕನ ಪೆಟ್ಟಿಗೆ ಸೇರಿದ ಕೂಡಲೇ ಆ ಊರಿನ ಜನ ಕಲ್ಲಾಗುತ್ತಿದ್ದರು. ಇಷ್ಟು ತಲೆಮಾರಾದರೂ ಈ ಜರ್ದಕನಿಗೆ ಮುಪ್ಪೇಕೆ ಬರಲಿಲ್ಲ ಎಂದು ಕೇಳುವ ಬುದ್ಧಿ ಮಾತ್ರ ಯಾವ ಮಹಾರಾಯನಿಗೂ ಬರಲಿಲ್ಲ.

ಕೊನೆಗೆ ಪಟ್ಟಕ್ಕೆ ಬಂದವನು ಸಾಬಿತ. ಒಂದು ದಿನ ಪರದೇಶದ ರಾಯಭಾರಿಯೊಬ್ಬ ಅವನ ತೋಳಿನಲ್ಲಿ ಉಳಿದಿದ್ದ ಒಂದೇ ಒಂದು ನೀಲಿ ತೇಪೆ ನೋಡಿ ಮುಸಿಮುಸಿ ನಕ್ಕ. ಅದು ದಾಳಿಂಬೆ ತೋಟಗಳ ರುಮ್ಮಾನ ಎಂಬ ಊರಿನ ತೇಪೆ. ಸಾಬಿತನಿಗೆ ಹಾಲೂಡಿಸಿ ಸಾಕಿದ ದಾಯಿ ಸುಫೈನಾ ಇದ್ದದ್ದು ಆ ಊರಿನಲ್ಲೇ. ಸಾಬಿತ ಮುಖ ಕೆಂಪು ಮಾಡಿಕೊಂಡು ತೇಪೆಯನ್ನು ಪರ್ರನೆ ಹರಿದು ಎಸೆದ. ಜರ್ದಕ್ ಅದನ್ನು ಪೆಟ್ಟಿಗೆಗೆ ಹಾಕಿಕೊಂಡ ಕೂಡಲೇ ರುಮ್ಮಾನ ಕಲ್ಲಾಯಿತು, ದಾಯಿಯೂ ಕಲ್ಲಾದಳು. ಜರ್ದಕ್ ಪೆಟ್ಟಿಗೆ ಹೊತ್ತು ತನ್ನ ಕಪ್ಪುಕೋಟೆಗೆ ಹಾರಿಹೋದ.

ಸಾಬಿತನಿಗೆ ಅನ್ನ ಸೇರಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಲೂ ಹೇಸಿಗೆಯಾಯಿತು. ತೇಪೆಗಳನ್ನು ಮರಳಿ ತರಲು ಒಬ್ಬನೇ ಕಪ್ಪುಕೋಟೆಗೆ ಹೊರಟ.

ಮೊದಲ ಬಾಗಿಲಲ್ಲಿ ಸಿಂಹ, "ರತ್ನದ ಮುಂಡಾಸು ಕೊಡು" ಎಂದಿತು. ಕೊಟ್ಟ. ಎರಡನೆಯ ಬಾಗಿಲಲ್ಲಿ ಹಾವು, "ಕಾಲಿನ ಜರಿಯ ಜೋಡು ಕೊಡು" ಎಂದಿತು. ಕೊಟ್ಟ. ಮೂರನೆಯ ಬಾಗಿಲಲ್ಲಿ ಹದ್ದು, "ಅಂಗಿಯ ರೇಷ್ಮೆಯನ್ನೆಲ್ಲ ಕಿತ್ತು ಕೊಡು" ಎಂದಿತು.

"ಮೈಯೆಲ್ಲ ಕಾಣುತ್ತದಲ್ಲ!"

"ಕಾಣಲಿ."

ಕಿತ್ತುಕೊಟ್ಟು, ತೂತುಬಿದ್ದ ಅಂಗಿಯಲ್ಲಿ ಕುಗ್ಗಿಕೊಂಡು ಒಳಗೆ ಹೋದ.

ಜರ್ದಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿ ಒಂದು ಬೆಕ್ಕೂ ನಕ್ಕಿತು. ಅದೇ ಮುಸಿಮುಸಿ ನಗು.

"ಗುರುತು ಸಿಕ್ಕಿತೇ? ಅವತ್ತು ರಾಯಭಾರಿಯಾಗಿ ಬಂದದ್ದು ನನ್ನ ಈ ಬೆಕ್ಕೇ!"

ಸಾಬಿತನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಒಂದು ಬೆಕ್ಕು ನಕ್ಕಿತೆಂದು ಸಾಕಿದ ತಾಯಿಯನ್ನು ಕಲ್ಲು ಮಾಡಿದ್ದ!

"ಈ ಚಿಂದಿ ಬೇಕೇ? ತಗೋ, ಹಾಕಿಕೊಂಡು ತೋರಿಸು" ಎಂದು ಜರ್ದಕ್ ಪೆಟ್ಟಿಗೆ ಒದ್ದ. ಈ ವಂಶದವರು ಚಿಂದಿ ಮುಟ್ಟುವವರಲ್ಲ ಎಂಬ ಧೈರ್ಯ ಅವನಿಗೆ.

ಅಂಗಿಯ ಕೊರಳಪಟ್ಟಿಯಲ್ಲಿ ನುಮಾನ್ ಸಿಕ್ಕಿಸಿದ್ದ ಸೂಜಿ ಇನ್ನೂ ಇತ್ತು. ಸಾಬಿತ ಅಂಚಿನಿಂದ ದಾರ ಎಳೆದು, ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ತೇಪೆ ಹೊಲಿಯತೊಡಗಿದ. ಬೆರಳಿಗೆ ಚುಚ್ಚಿಕೊಂಡ. ಹೊಲಿಗೆ ಸೊಟ್ಟಗಾಯಿತು. ಅವರು ನಕ್ಕೇ ನಕ್ಕರು, ಅವನು ತಲೆ ಎತ್ತಲಿಲ್ಲ. ಕೊನೆಯ ಗಂಟು ಬಿದ್ದಾಗ, ಕಿತ್ತ ತೇಪೆಗಳ ಬಲದಿಂದಲೇ ಬದುಕಿದ್ದ ಜರ್ದಕ್ ಬೂದಿಯಾಗಿ ಉದುರಿದ. ಬೆಕ್ಕು ಬರಿಯ ಬೆಕ್ಕಾಗಿ ಮಿಯಾವ್ ಎಂದಿತು.

ಸಾಬಿತ ರುಮ್ಮಾನಕ್ಕೆ ಓಡಿಬಂದಾಗ ದಾಯಿ ಕಣ್ಣುಜ್ಜಿಕೊಳ್ಳುತ್ತ ಎದ್ದಳು. ಅವಳ ಕಣ್ಣು ಮೊದಲು ಹೋದದ್ದು ಅವನ ತೋಳಿಗೆ.

"ಯಾರು ಮಗಾ ಇಷ್ಟು ಸೊಟ್ಟಗೆ ಹೊಲಿದದ್ದು?"

"ನಾನೇ, ಅಮ್ಮಾ."

"ಕಿತ್ತದ್ದು?"

ಸಾಬಿತ ತಲೆ ತಗ್ಗಿಸಿದ. "ಅದೂ ನಾನೇ."

ದಾಯಿ ಅವನ ತೋಳು ಎಳೆದುಕೊಂಡು, ಜೋತಾಡುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿದಳು. "ತಲೆ ಎತ್ತು. ಏನಾದರೂ ತಿಂದೆಯಾ?" ಎಂದಳು.

ಕಲ್ಲಾಗಿದ್ದ ಊರುಗಳೆಲ್ಲ ಎದ್ದವು, ರುಮ್ಮಾನದ ದಾಳಿಂಬೆ ಮತ್ತೆ ಹಣ್ಣಾಯಿತು, ಎಲ್ಲರೂ ಸುಖವಾಗಿ ಬಾಳಿದರು. ಸಾಬಿತನೂ ಬಾಳಿದ. ಆದರೆ ಯಾರಾದರೂ ನಕ್ಕರೆ ಸಾಕು, ಅವನ ಕೈ ತಾನಾಗಿ ತೋಳಿಗೆ ಹೋಗಿ, ನೀಲಿ ತೇಪೆ ಇದೆಯೇ ಎಂದು ಮುಟ್ಟಿ ನೋಡುತ್ತಿತ್ತು.